ಸೂರಿನ ಮೇಲಿಂದಲೇ ಮನೆ ಬಲ್ಲ ಪುಟ್ಟಬಸವಯ್ಯ

ಮಾಗಿಯ ಚಳಿ. ಕಪಿಲೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಸುತ್ತೂರಿನ ಕಡೆಯಿಂದ ತಿ. ನರಸೀಪುರಕ್ಕೆ ಹೊರಟ ಮೊದಲ ಬಸ್ಸಿನ ದೀಪಗಳು ಗದ್ದೆಬಯಲಿನ ಆಚೆ ಮಸುಕಾಗಿ ಸಾಗುತ್ತಿವೆ. ಹೊಳೆಗೆ ಬೆನ್ನು ಕೊಟ್ಟು ನಿಂತ ಪುಟ್ಟ ಹಳ್ಳಿಯೊಂದರಲ್ಲಿ, ಚಾಮುಂಡಮ್ಮನವರ ಹೆಂಚಿನ ಮನೆಯ ನೆತ್ತಿಯ ಮೇಲೆ, ಅಡ್ಡ ಮಲಗಿಸಿದ ಬಿದಿರೇಣಿಗೆ ಪಾದ ಊರಿ ಪುಟ್ಟಬಸವಯ್ಯ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ತಲೆಗೆ ಸುತ್ತಿದ ಟವೆಲ್ಲು, ಮಗಳು ಹಾಕಿ ಬಿಟ್ಟ ಕೆಂಪು ಸ್ವೆಟರು, ಬರಿಗಾಲು. ಕೈಯಲ್ಲೊಂದು ಸೀಮೆಸುಣ್ಣದ ತುಂಡು. ಬೇರೆ ಕೆಲಸವೇ ಇಲ್ಲದವರ ಹಾಗೆ ಹೆಂಚಿನ ಸಾಲುಗಳನ್ನು ನೋಡುತ್ತಿದ್ದಾರೆ.

“ಅವ್ವೋರೆ, ಈಗ ಆಕಿ,” ಎಂದು ಕೆಳಕ್ಕೆ ಕೂಗುತ್ತಾರೆ.

“ಆಗ್ಲೇ ಆಕಿದ್ದೀನಿ ಕಣ್ಲಾ. ಕಣ್ಣು ಉರಿದು ಓಯ್ತಾ ಅವೆ. ನೀನು ಮ್ಯಾಲೆ ಆರಾಮಾಗಿ ಕುಂತ್ಕಂಡು ಆಕಿ ಅಂತೀಯ,” ಎಂದು ಹೆಂಚಿನ ಕೆಳಗಿನಿಂದ ಉತ್ತರ ಬರುತ್ತದೆ. ಎಪ್ಪತ್ತು ದಾಟಿದ ಚಾಮುಂಡಮ್ಮ ನಡುಮನೆಯಲ್ಲಿ ಕೆಂಡದ ಬಾಂಡ್ಲಿಗೆ ಸಾಂಬ್ರಾಣಿ ಉದುರಿಸುತ್ತಿದ್ದಾರೆ.

ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಎಡಗಡೆ, ಎರಡು ಹೆಂಚುಗಳು ಕೂಡುವ ಕಡೆ, ಹೂಬತ್ತಿಯ ಎಳೆಯಷ್ಟು ತೆಳ್ಳಗಿನ ಹೊಗೆ ಎದ್ದು ನೆಟ್ಟಗೆ ನಿಲ್ಲುತ್ತದೆ. ನೆತ್ತಿಯ ಬಳಿ ಇನ್ನೊಂದು. ಗೋಡೆ ಮಾಡನ್ನು ಮುಟ್ಟುವ ಮೂಲೆಯಲ್ಲಿ ಎಳೆಯಲ್ಲ, ದೊಡ್ಡ ಕಟ್ಟೇ ಹೊರಡುತ್ತದೆ. ಪುಟ್ಟಬಸವಯ್ಯ ಏಣಿಯ ಮೇಲೆ ಬೆಕ್ಕಿನಂತೆ ಸರಿದು, ಹೊಗೆ ಎದ್ದ ಹೆಂಚಿಗೆಲ್ಲ ಸೀಮೆಸುಣ್ಣದಿಂದ ಒಂದೊಂದು ಗೀಟು ಹಾಕುತ್ತಾರೆ. ಮಂಜಿನಲ್ಲಿ ನೋಡಿದರೆ ಮನೆ ಮೆಲ್ಲಗೆ ಉಸಿರಾಡುತ್ತಿರುವ ಹಾಗಿದೆ; ಅದರ ಉಸಿರು ಎಲ್ಲೆಲ್ಲಿ ಸೋರುತ್ತಿದೆ ಎಂದು ಅವರು ಗುರುತು ಮಾಡಿಕೊಳ್ಳುತ್ತಿದ್ದಾರೆ.

ಈ ಕೆಲಸಕ್ಕೆ ಬೆಳಕು ಹರಿಯುವ ಹೊತ್ತೇ ಆಗಬೇಕು. ರಾತ್ರಿಯಿಡೀ ಹೊರಗಿನ ಗಾಳಿ ತಣಿದಿರುತ್ತದೆ. ಒಳಗೆ ಜನ, ಕೊಟ್ಟಿಗೆಯ ದನ, ಒಲೆಯ ಬೂದಿ ಎಲ್ಲ ಸೇರಿ ಮನೆ ಬೆಚ್ಚಗಿರುತ್ತದೆ. ಬೆಚ್ಚಗಿನ ಗಾಳಿ ಹಗುರ. ಸಂದು ಸಿಕ್ಕಲ್ಲಿ ಮೇಲಕ್ಕೆ ಹೊರಡುತ್ತದೆ. ಅದು ಖಾಲಿ ಮಾಡಿದ ಜಾಗವನ್ನು ತುಂಬಲು ಬಾಗಿಲ ಕೆಳಗಿನಿಂದ, ಕಿಟಕಿಯ ಬಿರುಕಿನಿಂದ ಚಳಿ ಒಳಗೆ ನುಗ್ಗುತ್ತದೆ. ಬಿಸಿಲು ಬಂದು ಹೊಳೆಯ ಕಡೆಯ ಗಾಳಿ ಎದ್ದಿತೆಂದರೆ ಹೊಗೆ ಚೆದುರಿ, ಯಾವ ಹೆಂಚಿನದು ಯಾವುದೆಂದು ತಿಳಿಯುವುದಿಲ್ಲ. ಕೆಲಸ ನೋಡಲು ಬಂದ ನಮಗೆ ಪುಟ್ಟಬಸವಯ್ಯ ಇದನ್ನು ಇನ್ನೂ ಚಿಕ್ಕದಾಗಿ ಹೇಳುತ್ತಾರೆ: “ಗಾಳಿ ಒಂದೇ ಬಾಗ್ಲು ಇರೋ ಮನೇಗೆ ಬರಾಕಿಲ್ಲ ಸಾ. ಓಗಾಕೆ ಇನ್ನೊಂದು ಬಾಗ್ಲು ಇದ್ರೇ ಬರೋದು. ಸಾಲಗಾರನ ಮನೆ ಇದ್ದಂಗೆ, ಮುಂದ್ಗಡೆ ಬಂದ, ಇತ್ಲಲ್ಲಿ ಓದ.”

ಹದಿನಾರು ಎಂಬ ಊರಿನ ಪುಟ್ಟಬಸವಯ್ಯನವರಿಗೆ ಈಗ ಅರವತ್ತರ ಹತ್ತಿರ. ಅವರು ಮಾಡುವ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಹೆಂಚು ಕೈಯಾಡಿಸುವವರು ಎಂದರೆ ಅರ್ಧ ಹೇಳಿದಂತೆ. ಮನೆ ಥಂಡಿ ಹೊಡೆಯುತ್ತದೆ, ಮನೆ ಕಾಯುತ್ತದೆ, ಮೂಲೆಯ ಕೋಣೆಯಲ್ಲಿ ಮಲಗಿದರೆ ಕಾಲು ಮರಗಟ್ಟುತ್ತದೆ, ಮಧ್ಯಾಹ್ನ ಒಳಗೆ ಕೂರಲಾಗುವುದಿಲ್ಲ. ಇಂಥ ದೂರುಗಳೇ ಅವರ ಕಸುಬು. ನಂಜನಗೂಡಿನಿಂದ ನರಸೀಪುರದವರೆಗಿನ ಹಳ್ಳಿಗಳಲ್ಲಿ ಅವರು ‘ಗಾಳಿ ಪುಟ್ಟಬಸವಯ್ಯ’. ಅಡ್ಡಹೆಸರು ಕೇಳಿ ಕೆಲವರು ಇವರನ್ನು ಬೇವಿನ ಸೊಪ್ಪು ಹಿಡಿದು ದೆವ್ವದ ಗಾಳಿ ಬಿಡಿಸುವವರೆಂದು ತಿಳಿದು ಮನೆಗೆ ಬಂದದ್ದೂ ಉಂಟು. “ನಂಗೆ ಗೊತ್ತಿರೋದು ಸಂದೀಲಿ ಬರೋ ಗಾಳಿ ಮಾತ್ರ ಅಂತ ಯೋಳಿ ಕಳಿಸ್ದೆ,” ಎಂದು ನಗುತ್ತಾರೆ.

ಚಳಿಗಾಲದಲ್ಲಿ ದಿನಕ್ಕೆ ಒಂದು ಮನೆ, ಹೆಚ್ಚೆಂದರೆ ಎರಡು. ಶಿವರಾತ್ರಿ ಕಳೆದರೆ ಕೆಲಸದ ದಿಕ್ಕು ತಿರುಗುತ್ತದೆ. ತೊಂಬತ್ತರ ದಶಕದಿಂದ ಈ ಭಾಗದ ಹಳ್ಳಿಗಳಲ್ಲಿ ಹೆಂಚು ಇಳಿದು ಸಿಮೆಂಟ್ ಶೀಟೂ ಆರ್‌ಸಿಸಿಯೂ ಏರಿದಂತೆಲ್ಲ ಬೇಸಿಗೆಯ ದೂರು ಹೆಚ್ಚಾಗಿದೆ. ಶೀಟಿನ ಮನೆಗೆ ಅವರು ಕಬ್ಬಿನ ತರಗನ್ನು ತಡಿಕೆಯಂತೆ ಹೆಣೆದು ಮೇಲೆ ಹೊದಿಸುತ್ತಾರೆ; ತಡಿಕೆಗೂ ಶೀಟಿಗೂ ನಡುವೆ ಗೇಣು ಜಾಗ ಬಿಡುತ್ತಾರೆ, ಅದರೊಳಗೆ ಗಾಳಿ ಆಡಬೇಕು. ಆರ್‌ಸಿಸಿಗೆ ಅಂಟು ಬೆರೆಸಿದ ಸುಣ್ಣ ಬಳಿಯುತ್ತಾರೆ. ಬೆಳ್ಳಗಿನ ತಾರಸಿ ಬಿಸಿಲನ್ನು ಒಳಕ್ಕೆ ಬಿಟ್ಟುಕೊಳ್ಳದೆ ಬಂದ ಕಡೆಗೇ ಹಿಂದಕ್ಕೆ ಕಳಿಸುತ್ತದೆ. ಇವೆಲ್ಲಕ್ಕೂ ಇರುವ ಸಲಕರಣೆಗಳು ಒಂದು ಬಿದಿರೇಣಿ, ಕರಣೆ, ಸುಣ್ಣದ ಡಬ್ಬ, ಸೀಮೆಸುಣ್ಣ. ಏಣಿಯನ್ನು ಅಟ್ಲಾಸ್ ಸೈಕಲ್ಲಿಗೆ ಉದ್ದಕ್ಕೆ ಕಟ್ಟಿಕೊಂಡು ಅವರು ಹೊರಟರೆ ತಿರುವುಗಳಲ್ಲಿ ಬಸ್ಸಿನವರೇ ನಿಧಾನಿಸುತ್ತಾರೆ.

ಚಾಮುಂಡಮ್ಮನವರ ಮನೆಗೆ ಅವರು ಬರಲು ಶುರುವಾಗಿ ಮೂವತ್ತು ವರ್ಷವಾಗಿದೆ. ನಾಡಹೆಂಚು ತೆಗೆದು ಮಂಗಳೂರು ಹೆಂಚು ಹಾಕಿದವರೇ ಅವರು. ಯಾವ ತೊಲೆ ಎಲ್ಲಿ ಬಾಗಿದೆ, ಯಾವ ರೀಪಿಗೆ ಗೆದ್ದಲು ಮುಟ್ಟಿದೆ ಎಂಬುದು ಮನೆಯವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಈ ಮನೆಯ ಹೊಸಿಲನ್ನು ಅವರು ಇದುವರೆಗೆ ದಾಟಿಲ್ಲ. ಕೇರಿಯವರು ಜಗಲಿಯವರೆಗೆ ಬರುತ್ತಾರೆ. ಜಗಲಿಯ ಗೂಡಿನಲ್ಲಿ ಅವರ ಕಾಫಿಗೆಂದು ಒಂದು ಲೋಟ ಇರುತ್ತದೆ. ಮಾಡಿನ ಮೇಲಕ್ಕೆ ಏಣಿ ಹಾಕಿಕೊಂಡು ಹತ್ತುತ್ತಾರೆ. ನಡುಮನೆಗೆ ಹೋಗುವುದು ರೂಢಿಯಲ್ಲಿಲ್ಲ. ಹೋಗಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಬಾ ಎಂದು ಕರೆದದ್ದೂ ಇಲ್ಲ.

ಹೊಗೆ ನೋಡುವ ಈ ಉಪಾಯ ಹುಟ್ಟಿದ್ದು ಅದರಿಂದಲೇ. ಒಡೆದ ಹೆಂಚು ಹುಡುಕಲು ಉಳಿದವರಿಗೆ ಕಷ್ಟವಿಲ್ಲ. ಹಗಲು ಮನೆಯೊಳಗೆ ನಿಂತು ತಲೆಯೆತ್ತಿದರೆ ಸಾಕು, ಬಿರುಕಿದ್ದಲ್ಲಿ ಬೆಳಕು ಚುಕ್ಕಿಯಾಗಿ ಕಾಣುತ್ತದೆ. ಪುಟ್ಟಬಸವಯ್ಯನವರ ತಂದೆ ಬೆಟ್ಟಸ್ವಾಮಿಗೆ ಒಳಗೆ ನಿಲ್ಲುವ ಅವಕಾಶವಿರಲಿಲ್ಲ. ಮಾಡಿನ ಮೇಲೆ ಕೂತೇ ಮನೆಯ ಹೊಟ್ಟೆಯೊಳಗಿನ ಸುದ್ದಿ ತಿಳಿಯಬೇಕು. ಒಂದು ಬೆಳಿಗ್ಗೆ ಯಾರದೋ ಮನೆಯಲ್ಲಿ ಹಸಿ ಸೌದೆ ಹೊಗೆಯಾಡಿ, ಆ ಹೊಗೆ ಹೆಂಚಿನ ಸಂದುಗಳಿಂದ ಎದ್ದುಬಂದದ್ದನ್ನು ಕಂಡು ಅವರಿಗೆ ಹೊಳೆಯಿತಂತೆ. ಬೆಳಕಿನ ಚುಕ್ಕಿ ಒಡೆದ ಹೆಂಚನ್ನು ಮಾತ್ರ ತೋರಿಸುತ್ತದೆ. ಹೊಗೆ ಹಾಗಲ್ಲ, ಕಣ್ಣಿಗೆ ಬೀಳದ ಓರೆ ಸಂದುಗಳನ್ನೂ ಹಿಡಿದುಕೊಡುತ್ತದೆ. ತಂದೆ ಕಲಿಸಿದ್ದನ್ನು ಮಗ ಹದಿನಾಲ್ಕನೆಯ ವಯಸ್ಸಿನಿಂದ ಮಾಡುತ್ತ ಬಂದಿದ್ದಾರೆ.

ಈಗ ಚಾಮುಂಡಮ್ಮ ಹೇಳಿ ಕಳಿಸಿರುವುದು ಹೆಂಚಿಗಾಗಿ ಮಾತ್ರವಲ್ಲ. ಮೊಮ್ಮಗಳು ಶೃತಿ ಹೆರಿಗೆಗೆ ಬಂದಿದ್ದಾಳೆ. ಮೈಸೂರಿನ ಬ್ಯಾಂಕೊಂದರಲ್ಲಿ ಕೆಲಸ. ಹೆಣ್ಣುಮಗು ಹುಟ್ಟಿ ಎರಡು ವಾರ ಕಳೆದಿದೆ, ಹೆಸರಿಟ್ಟಿಲ್ಲ. ಐದಾರು ವರ್ಷದ ಹಿಂದೆ ಚಾಮುಂಡಮ್ಮನವರ ಮಗ ಮಹದೇವ ಹಳೆಯ ಮನೆಯ ಹಿಂಭಾಗಕ್ಕೆ ಸೇರಿಸಿ ಆರ್‌ಸಿಸಿಯ ಒಂದು ಕೋಣೆ ಕಟ್ಟಿಸಿದ್ದರು. ತಾಯಿ ಮಗು ಇರುವುದು ಅದರಲ್ಲೇ. ಬೆಳಗಿನ ಜಾವಕ್ಕೆ ಆ ಕೋಣೆ ಬಾವಿಯಂತೆ ತಣ್ಣಗಾಗುತ್ತದೆ. ಮಗುವಿನ ಪಾದ ಮುಟ್ಟಿದರೆ ಅಜ್ಜಿಯ ಎದೆ ಧಸಕ್ಕೆನ್ನುತ್ತದೆ. ಗೋಡೆಯ ಮೇಲ್ಗಡೆ, ಸೀಲಿಂಗಿನ ಹತ್ತಿರ ಒಂದು ಕಿಂಡಿ ಇದೆ. ಚಳಿ ಬರುವುದು ಅಲ್ಲಿಂದಲೇ ಎಂದು ಅವರಿಗೆ ಖಾತ್ರಿ. ಹೊರಗಿನಿಂದ ಅದಕ್ಕೆ ಎರಡು ಇಟ್ಟಿಗೆ ಕೂರಿಸಿ ಗಾರೆ ಮೆತ್ತಿಬಿಡು ಎಂದು ಅವರು ಹೇಳಿ ಇಂದಿಗೆ ಮೂರು ದಿನ.

ಪುಟ್ಟಬಸವಯ್ಯ ಒಪ್ಪಿಲ್ಲ. ಹೆಂಚಿನ ಕೆಲಸ ಶುರುಮಾಡಿದ್ದಾರೆ, ಕಿಂಡಿಗೆ ಕೈ ಹಾಕಿಲ್ಲ. ಅವರದೊಂದು ಷರತ್ತು ಇದೆ. ಬಾಣಂತಿಯ ಕೋಣೆಯಾದರೆ ಒಳಗಿನಿಂದ ನೋಡದೆ ಮುಚ್ಚುವುದಿಲ್ಲ.

ಷರತ್ತಿನ ಹಿಂದಿನ ಕತೆಯನ್ನು ಅವರು ತಾವಾಗಿ ಹೇಳುವುದಿಲ್ಲ. ಹದಿನಾರಿನ ಮನೆಯಲ್ಲಿ, ಅವರೆಕಾಯಿ ಸುಲಿಯುತ್ತ ಹೇಳಿದವರು ಹೆಂಡತಿ ಮಹದೇವಮ್ಮ. ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು. ನಂಜನಗೂಡಿನ ಕಡೆಯ ಒಂದು ದೊಡ್ಡ ಮನೆ. ಅಲ್ಲೂ ಬಾಣಂತಿ, ಅಲ್ಲೂ ಇಂಥದೇ ಕಿಂಡಿ. ಇವರು ಹೊರಗೆ ನಿಂತು ಗಟ್ಟಿಯಾಗಿ ಮುಚ್ಚಿ ಬಂದರು. ಒಳಗೆ ಮನೆಯವರು ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕಿ, ಬಾಂಡ್ಲಿಯ ತುಂಬ ಇದ್ದಿಲ ಕೆಂಡ ಇಟ್ಟಿದ್ದರು. ಒಳಗಿನದು ಹೊರಗಿದ್ದವರಿಗೆ ತಿಳಿಯದು, ಹೊರಗಿನದು ಒಳಗಿದ್ದವರಿಗೆ ತಿಳಿಯದು. ಮಾರನೆಯ ಬೆಳಿಗ್ಗೆ ಕೆಲಸ ಹೇಗಾಗಿದೆ ನೋಡೋಣವೆಂದು ಇವರು ಹೋದರು.

“ಒಂದೇ ಒಂದು ಎಳೆ ಒಗೆ ಎದ್ದಿಲ್ಲ. ಆಹಾ, ನನ್ ಕೆಲ್ಸ ಎಂಗದೆ ಅಂತ ಕುಂತ್ಕಂಡು ಬೀಡಿ ಅಚ್ಚಿದ್ರಂತೆ,” ಎನ್ನುತ್ತಾರೆ ಮಹದೇವಮ್ಮ. “ಅರ್ಧ ಬೀಡಿ ಸೇದೋ ಒತ್ಗೆ ಜೀವ ಝಲ್ ಅಂತಂತೆ. ಆಚೆಗೆ ಬರ್ದಿದ್ದ ಒಗೆ ಎಲ್ಲಿಗೆ ಓಯ್ತಾ ಅದೆ? ಕರಣೆ ತಕಂಡು ಇಟ್ಟಿಗೇನ ಒಡೆದು ಬೀಳಿಸಿ, ಮನೆಯೋರ್ನ ಕೂಗಿ ಎಬ್ಬಿಸವ್ರೆ. ತಾಯಿ ಮೊಗ ಇಬ್ರನ್ನೂ ಎತ್ಕಂಡು ಅಂಗಳಕ್ಕೆ ತಂದು ಆಕುದ್ರು. ದೇವ್ರು ದೊಡ್ಡೋನು, ಆಸ್ಪತ್ರೇಲಿ ಒಂದಿನ ಇದ್ದು ಚೆಂದಾಗಾದ್ರು. ಯಾರೂ ಇವ್ರನ್ನ ಒಂದು ಮಾತು ಅನ್ನಿಲ್ಲ. ಇವ್ರು ಮಾತ್ರ ಒಂದು ತಿಂಗ್ಳು ಏಣಿ ಮುಟ್ನಿಲ್ಲ. ಆ ಬೀಡೀನ ಅವತ್ತೇ ಬಿಟ್ರು.”

ಏಣಿ ಮತ್ತೆ ಹಿಡಿದಾಗ ಷರತ್ತು ಜೊತೆಗೆ ಬಂತು. ಅದರಿಂದ ಕೆಲವು ಮನೆಗಳು ತಪ್ಪಿಹೋದವು. ಹೆಂಚು ಹಾಕುವವನಿಗೆ ನಡುಮನೆ ಯಾಕೆ ಎಂದು ಬೇರೆಯವರನ್ನು ಕರೆಸಿಕೊಂಡವರಿದ್ದಾರೆ. ಒಳಗೆ ಬರಬೇಕೆಂದರೆ ಹಿತ್ತಲ ಬಾಗಿಲಿನಿಂದ ಬಾ ಎಂದವರಿದ್ದಾರೆ. ಆ ಬಾಗಿಲಿನಿಂದಲೂ ಅವರು ಹೋಗಿದ್ದಾರೆ. “ಮೊಗೀಗೆ ಬೆಚ್ಚಗಾದ್ರೆ ಸಾಕು, ಯಾವ ಬಾಗ್ಲಾದ್ರೇನು,” ಎನ್ನುತ್ತಾರೆ. ಅವರ ಮಗಳು ಸಂಘಮಿತ್ರಾ ಇದನ್ನು ಒಪ್ಪುವುದಿಲ್ಲ. ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿರುವ ಆಕೆ ರಜೆಗೆ ಬಂದಾಗಲೆಲ್ಲ ಅಪ್ಪನನ್ನು ಛೇಡಿಸುತ್ತಾಳೆ: “ಅಪ್ಪನ ಕಂಡಿಷನ್ನು ಅರ್ಧ ಕಂಡಿಷನ್ನು. ಒಳಗೆ ಬಿಡ್ಬೇಕು ಅಂತ ಕೇಳ್ತಾರೆ, ಬಾಗ್ಲು ಯಾವ್ದು ಅಂತ ಕೇಳಲ್ಲ.” ಅಪ್ಪ ಅವಳದೇ ಸ್ವೆಟರು ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಾರೆ.

ಹೆಂಚಿಗೆ ಗೀಟು ಹಾಕಿ ಮುಗಿಸಿದ ಪುಟ್ಟಬಸವಯ್ಯ ಮಾಡಿನಿಂದ ಇಳಿದು, ಮನೆಯನ್ನು ಬಳಸಿಕೊಂಡು ಹಿಂದಿನ ಕೋಣೆಯ ಗೋಡೆಯ ಬಳಿ ಬಂದು ನಿಲ್ಲುತ್ತಾರೆ. ತಲೆಯೆತ್ತಿ ಕಿಂಡಿ ನೋಡುತ್ತಾರೆ. ನಡುಮನೆಯಿಂದ ಸಾಂಬ್ರಾಣಿಯ ಹೊಗೆ ಈ ಕೋಣೆಗೂ ಹೊಕ್ಕಿರಬೇಕು, ಕಿಂಡಿಯಿಂದ ಒಂದಿಷ್ಟಾದರೂ ಬರಬೇಕು. ಬರುತ್ತಿಲ್ಲ. ಅವರ ಮುಖ ಚಿಕ್ಕದಾಗುತ್ತದೆ.

“ಅವ್ವೋರೆ, ಈ ಕಿಂಡೀಗೆ ಏನಾದ್ರೂ ಇಟ್ಟಿದ್ದೀರಾ?”

ಉತ್ತರ ಬರುವುದು ಕಿಟಕಿಯಿಂದ. ಮುಚ್ಚಿದ ಕದವನ್ನು ಶೃತಿ ಒಳಗಿನಿಂದ ಅಂಗೈಯಗಲ ತೆರೆಯುತ್ತಾಳೆ. ತಲೆಗೆ ಮಫ್ಲರು, ಕಣ್ಣ ಕೆಳಗೆ ಕಪ್ಪು. “ಮೊನ್ನೆ ರಾತ್ರಿನೇ ಅಜ್ಜಿ ಅದಕ್ಕೆ ಹಳೇ ಸೀರೆ ತುರುಕಿಸಿದ್ರು ತಾತ. ನೀವು ಮುಚ್ಚಲ್ಲ ಅಂದ್ರಲ್ಲ, ಅದಕ್ಕೆ.” ಮಫ್ಲರು ಸರಿಮಾಡಿಕೊಳ್ಳುತ್ತ ಸೇರಿಸುತ್ತಾಳೆ: “ಎರಡು ದಿನದಿಂದ ಬೆಳಿಗ್ಗೆ ಎದ್ರೆ ತಲೆ ಸಿಡಿಯುತ್ತೆ. ಮಗು ಎಬ್ಬಿಸಿದ್ರೂ ಸರಿಯಾಗಿ ಹಾಲು ಕುಡಿಯಲ್ಲ, ಬರೀ ನಿದ್ದೆ.”

“ಒಳಗೆ ಕೆಂಡ ಅದಾ?”

“ಇದೆ. ರಾತ್ರಿಯೆಲ್ಲ ಇರುತ್ತೆ.”

ಪುಟ್ಟಬಸವಯ್ಯನವರ ದನಿ ಏರುವುದಿಲ್ಲ. ಆದರೆ ಅವ್ವೋರೆ ಗಿವ್ವೋರೆ ಎಲ್ಲ ಬಿಟ್ಟುಹೋಗುತ್ತದೆ. “ಮೊದ್ಲು ಬಾಂಡ್ಲಿ ಆಚೆಗೆ ಬರ್ಲಿ. ಕಿಟ್ಕಿ ಪೂರಾ ತೆಗಿ ತಾಯಿ. ಮೊಗೀನ ಎತ್ಕಂಡು ನಡುಮನೇಗೆ ಓಗು. ಈಗ್ಲೇ.”

ಬಾಂಡ್ಲಿ ಹೊರಗೆ ಬರುತ್ತದೆ. ತಂದು ಇಡುವ ಚಾಮುಂಡಮ್ಮನ ಬಾಯಿ ಸುಮ್ಮನಿಲ್ಲ. ನಾಲ್ಕು ಮಕ್ಕಳನ್ನು ಹೆತ್ತು ಕೆಂಡದ ಪಕ್ಕದಲ್ಲೇ ಮಲಗಿಸಿ ಸಾಕಿದವಳು ನಾನು, ಯಾರಿಗೂ ಒಂದು ಸೀನು ಬಂದದ್ದಿಲ್ಲ ಎನ್ನುತ್ತಾರೆ. ಪುಟ್ಟಬಸವಯ್ಯ ಅದನ್ನು ಅಲ್ಲಗಳೆಯುವುದಿಲ್ಲ. ಆ ಮಕ್ಕಳ ನೆತ್ತಿಯ ಮೇಲೆ ಹೆಂಚಿತ್ತು; ಸಾವಿರ ಸಂದಿನ ಮಾಡು ಕೆಂಡದ ಕೆಟ್ಟ ಗಾಳಿಯನ್ನು ತನ್ನಷ್ಟಕ್ಕೆ ಆಚೆ ಕಳಿಸುತ್ತಿತ್ತು. ಈ ಕೋಣೆಯ ನೆತ್ತಿ ಕಾಂಕ್ರೀಟು. ಅದಕ್ಕೆ ಇದ್ದದ್ದು ಒಂದೇ ಮೂಗು, ಅದಕ್ಕೂ ಸೀರೆ. “ನಿಮ್ ಕಾಲದ ಮನೆಗೆ ನಿಮ್ ಕೆಂಡ ಸರಿಯಾಗಿತ್ತು ಅವ್ವೋರೆ. ಮನೆ ಬದ್ಲಾಯ್ತು, ಕೆಂಡ ಅಂಗೇ ಉಳ್ಕಂತು,” ಎಂದಷ್ಟೇ ಹೇಳುತ್ತಾರೆ.

“ಕೆಂಡ ಬ್ಯಾಡ, ಕಿಂಡಿ ಮುಚ್ಚಾಕಿಲ್ಲ. ಇನ್ನು ಕೂಸು ಚಳೀಲಿ ನಡುಗ್ಲಾ?”

“ಚಳಿ ಎಲ್ಲಿಂದ ಬತ್ತದೆ ಅಂತ ನೋಡ್ಬೇಕು. ನೋಡಾಕೆ ಒಳೀಕೆ ಬರ್ಬೇಕು.”

ಚಾಮುಂಡಮ್ಮ ಮುಖ ತಿರುಗಿಸುತ್ತಾರೆ. ಮಗ ಮಹದೇವ ಹಾಲಿನ ಕ್ಯಾನು ಹಾಕಿಕೊಂಡು ಡೇರಿಗೆ ಹೋಗಿದ್ದಾರೆ. ಅವರು ಇದ್ದಿದ್ದರೂ ‘ನೀನೇ ಹೇಳವ್ವ’ ಎನ್ನುತ್ತಿದ್ದರು. ಈ ಮನೆಯಲ್ಲಿ ಯಾರು ಎಲ್ಲಿಯವರೆಗೆ ಬರಬಹುದು ಎನ್ನುವುದು ಚಾಮುಂಡಮ್ಮನ ಖಾತೆ. ಕೋಣೆಗೆ ಹಿತ್ತಲ ಕಡೆ ಬಾಗಿಲಿಲ್ಲ. ಹೋಗಬೇಕೆಂದರೆ ಮುಂಬಾಗಿಲು ದಾಟಿ, ನಡುಮನೆ ಹಾದು, ದೇವರ ಗೂಡಿನ ಮುಂದೆಯೇ ಹೋಗಬೇಕು. ಕೊನೆಗೆ ಅವರು ಒಂದು ದಾರಿ ಕಂಡುಕೊಳ್ಳುತ್ತಾರೆ.

“ನಾನೇ ನೋಡ್ತೀನಿ. ನೀನು ಕಿಟ್ಕೀಲಿ ನಿಂತ್ಕಂಡು ಯೋಳು.”

ಆಮೇಲಿನ ಅರ್ಧ ಗಂಟೆ ಊರಿನವರು ಟಿಕೆಟ್ಟು ಕೊಟ್ಟು ನೋಡುವಂತಿತ್ತು. ಒಳಗೆ ಉರಿಯುವ ಊದುಬತ್ತಿ ಹಿಡಿದ ಚಾಮುಂಡಮ್ಮ, ಹೊರಗೆ ಕಿಟಕಿಯ ಸರಳಿಗೆ ಮೂಗು ತಾಗಿಸಿದ ಪುಟ್ಟಬಸವಯ್ಯ.

“ಬತ್ತೀನ ಬಾಗ್ಲ ಸಂದೀಗೆ ಇಡಿ. ಒಗೆ ಯಾವ್ ಕಡೆ ಬಗ್ತದೆ?”

“ಯಾವ್ ಕಡೇಗೂ ಬಗ್ಗಲ್ಲ. ನಂಗೆ ಒಗೇನೇ ಕಾಣಲ್ವಲ್ಲೋ.”

“ಉಸಿರು ಬಿಡಬ್ಯಾಡಿ ಅವ್ವೋರೆ, ಅದು ನಿಮ್ ಉಸಿರ್ಗೇ ಅಲ್ಲಾಡ್ತದೆ.”

“ಉಸಿರು ಬಿಡದೆ ಸಾಯ್ಲೇನ್ಲಾ?”

“ಈಗ ಮೂಲೆ. ಕೆಳಗೆ, ನೆಲಕ್ಕೆ.”

“ಮಂಡಿ ಬಗ್ಗಲ್ಲ ಕಣ್ಲಾ. ಬಗ್ಗುದ್ರೆ ಏಳಾಕಾಗಲ್ಲ. ಆಮ್ಯಾಕೆ ನನ್ನ ಎತ್ತಾಕೆ ಯಾರು ಬತ್ತಾರೆ?”

ನಡುಮನೆಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಶೃತಿಗೆ ನಗು ತಡೆಯಲಾಗುವುದಿಲ್ಲ. ತಲೆನೋವಿನಲ್ಲೂ ನಗುತ್ತಾಳೆ. ಅವಳ ತೊಡೆ ಅಲುಗಿ ಮಗು ಎಚ್ಚರಗೊಳ್ಳುತ್ತದೆ. ಎರಡು ದಿನದಿಂದ ಮಂಕಾಗಿ ಮಲಗಿದ್ದ ಕೂಸು, ತೆರೆದ ಬಾಗಿಲಿನ ಗಾಳಿ ಮೂಗಿಗೆ ಬಿದ್ದು, ಬಾಯಿ ತೆರೆದು ಅಳುತ್ತದೆ. ಹಸಿದ ಮಗುವಿನ ಗಟ್ಟಿ ಅಳು.

ಆ ಅಳು ಕೇಳಿ ಚಾಮುಂಡಮ್ಮ ಕೋಣೆಯ ನಡುವೆ ಹಾಗೇ ನಿಲ್ಲುತ್ತಾರೆ. ಕೈಯಲ್ಲಿ ಊದುಬತ್ತಿ ಬೂದಿಯಾಗುತ್ತಿದೆ. ಇನ್ನೊಂದು ರಾತ್ರಿ ಬರುತ್ತದೆ, ಇನ್ನೊಂದು ಬೆಳಗಿನ ಜಾವ. ಕಿಟಕಿಯ ಕಡೆ ತಿರುಗದೆಯೇ, ಯಾರನ್ನೋ ಗದರುವ ದನಿಯಲ್ಲಿ ಹೇಳುತ್ತಾರೆ: “ನನ್ ಕೈಲಾಗಲ್ಲ ಪುಟ್ಬಸ್ವ. ನೀನೇ ಬಂದು ನೋಡು.”

ಪುಟ್ಟಬಸವಯ್ಯ ಕಿಟಕಿಯ ಸರಳಿನಿಂದ ಮುಖ ಹಿಂದಕ್ಕೆ ತೆಗೆಯುತ್ತಾರೆ.

“ಯಾವ ಬಾಗ್ಲಲ್ಲಿ ಬರ್ಲಿ ಅವ್ವೋರೆ?”

ಇಷ್ಟು ವರ್ಷದಲ್ಲಿ ಯಾವ ಮನೆಯಲ್ಲೂ ಅವರು ಕೇಳಿರದ ಪ್ರಶ್ನೆ ಅದು. ಮಗಳ ಮಾತು ಎಲ್ಲೋ ನಾಟಿತ್ತೋ ಏನೋ.

“ಯಾವ ಬಾಗ್ಲು ಅಂದ್ರೆ? ಈ ಮನೇಗೆ ಎಷ್ಟು ಬಾಗ್ಲವೆ? ಮುಂದ್ಗಡೆ ಬಾಗ್ಲಲ್ಲಿ ಬಾ. ಕಾಲು ತೊಳ್ಕಂಡು ಬಾ, ಎಲ್ರೂ ತೊಳ್ಕಂಡೇ ಬರೋದು.”

ಪುಟ್ಟಬಸವಯ್ಯ ತೊಟ್ಟಿಯ ಬಳಿ ಕಾಲು ತೊಳೆಯುತ್ತಾರೆ. ತಲೆಯ ಟವೆಲ್ಲು ಬಿಚ್ಚಿ ಕಾಲು ಒರೆಸಿಕೊಳ್ಳುತ್ತಾರೆ. ಹೊಸಿಲನ್ನು ತುಳಿಯದೆ ದಾಟಿ, ನೆಲ ನೋಡುತ್ತ ನಡುಮನೆ ಹಾದು, ಕೋಣೆಯೊಳಗೆ ಹೋಗುತ್ತಾರೆ.

ಅವರು ಮೊದಲು ಮಾಡುವುದು ನಾಲ್ಕೂ ಗೋಡೆಗೆ ಅಂಗೈ ಇಟ್ಟು ನೋಡುವುದು. ಹೊಳೆಯ ಕಡೆಯ ಗೋಡೆ ಹಿಮದಂತಿದೆ. ಬಾಣಂತಿಯ ಹಾಸಿಗೆ ಅದಕ್ಕೇ ಒತ್ತಿಕೊಂಡಿದೆ. ಎದುರಿನ ಗೋಡೆ ಬೆಚ್ಚಗಿದೆ. ಅದರ ಆಚೆ ಅಡುಗೆಮನೆಯ ಒಲೆ. ಆಮೇಲೆ ಊದುಬತ್ತಿ ಹಿಡಿದು ನೆಲದ ಮೇಲೆ ಮಂಡಿಯೂರುತ್ತಾರೆ. ಕಿಂಡಿಯ ಕೆಳಗೆ ಹೊಗೆ ಮೇಲಕ್ಕೇ ಹೋಗುತ್ತದೆ. ಅಲ್ಲಿಂದ ಗಾಳಿ ಹೊರಡುತ್ತಿದೆ, ಬರುತ್ತಿಲ್ಲ. ಮೂಲೆಯಲ್ಲಿ ಬಾಣಂತಿಯ ಸ್ನಾನಕ್ಕೆಂದು ಕಟ್ಟಿದ ಪುಟ್ಟ ಬಚ್ಚಲಿದೆ. ಅಲ್ಲಿಗೆ ಹೋದದ್ದೇ ಹೊಗೆ ಅಡ್ಡ ಬಗ್ಗಿ, ನೆಲ ಹಿಡಿದು ಓಡಿ, ಹಾಸಿಗೆಯವರೆಗೆ ಹರಿಯುತ್ತದೆ. ಬಚ್ಚಲಿನ ನೀರು ಹೋಗುವ ತೂತು. ಅದರ ಪೈಪಿನ ಬಾಯಿ ಹೊಳೆಯ ಕಡೆಗೆ ತೆರೆದಿದೆ. ಚಳಿ ತೆವಳಿಕೊಂಡು ಬಂದು ಮಗು ಮಲಗುವ ಎತ್ತರದಲ್ಲೇ ನಿಲ್ಲುತ್ತಿದೆ.

“ಈ ಪೈಪಿನ ಬಾಯಿನ ಆಚೆಯಿಂದ ಎಷ್ಟು ಸಲ ನೋಡಿವ್ನಿ,” ಎಂದು ಅವರು ತಮಗೇ ಹೇಳಿಕೊಳ್ಳುತ್ತಾರೆ. “ಅಡುಗೆಮನೇದು ಅನ್ಕಂಡಿದ್ದೆ.”

ಉಳಿದದ್ದು ಅರ್ಧ ದಿನದ ಕೆಲಸ. ಗೋಣಿಯಲ್ಲಿ ಸುತ್ತಿದ ಇಟ್ಟಿಗೆಯೊಂದು ಬಚ್ಚಲ ತೂತಿಗೆ ಮುಚ್ಚಳ. ಸ್ನಾನದ ಹೊತ್ತಿಗೆ ತೆಗೆದು ಮತ್ತೆ ಇಡಬೇಕು. ಹಾಸಿಗೆ ಹೊಳೆಯ ಗೋಡೆಯಿಂದ ಒಲೆಯ ಗೋಡೆಗೆ, ನೆಲದಿಂದ ಮಂಚಕ್ಕೆ. ಕಿಂಡಿಯಿಂದ ಸೀರೆ ತೆಗೆದು, ಹೊರಗೆ ಓರೆಯಾಗಿ ಒಂದು ಹಲಗೆ. ಬೀಸುಗಾಳಿ ಒಳಗೆ ನುಗ್ಗದು, ಒಳಗಿನ ಗಾಳಿ ಹೊರಗೆ ಹೋಗುವುದೂ ನಿಲ್ಲದು. ಸಾಂಬ್ರಾಣಿ ಹಾಕುವುದಿದ್ದರೆ ಬಾಗಿಲು ತೆರೆದು ಹಾಕಿ, ಆದ ಕೂಡಲೇ ಕೆಂಡ ಆಚೆ. ರಾತ್ರಿಗೆ ಬಿಸಿನೀರು ತುಂಬಿದ ಚೊಂಬನ್ನು ಬಟ್ಟೆಯಲ್ಲಿ ಸುತ್ತಿ ಕಾಲ ಬಳಿ ಇಟ್ಟುಕೊಳ್ಳುತ್ತೇನೆ ಎಂದು ಶೃತಿಯೇ ಹೇಳುತ್ತಾಳೆ. ತಲೆನೋವು ಇನ್ನೂ ಪೂರ್ತಿ ಹೋಗಿಲ್ಲ. ಡೇರಿಯಿಂದ ಬಂದ ಮಹದೇವ, ತಾಯಿ ಮಗು ಇಬ್ಬರನ್ನೂ ನರಸೀಪುರಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿ ತರುತ್ತಾರೆ. ಗಾಬರಿಯಿಲ್ಲ, ಆದರೆ ಕೆಂಡದ ಹತ್ತಿರ ಹೋಗಬೇಡಿ ಎಂದಿದ್ದಾರಂತೆ ಡಾಕ್ಟರೂ.

ಮಾರನೆಯ ದಿನ ಬೆಳಗಿನ ಜಾವ ಪುಟ್ಟಬಸವಯ್ಯ ಮತ್ತೆ ಬರುತ್ತಾರೆ. ತಮ್ಮ ಕೆಲಸವನ್ನು ಒಂದು ರಾತ್ರಿ ಕಳೆದ ಮೇಲೆ ನೋಡದೆ ಅವರು ಯಾವ ಮನೆಯನ್ನೂ ಬಿಡುವುದಿಲ್ಲ. ಚಾಮುಂಡಮ್ಮ ಆಗಲೇ ಎದ್ದು ಬಾಗಿಲಲ್ಲಿ ನಿಂತಿದ್ದಾರೆ. “ಪಾದ ಬೆಚ್ಚಗವೆ ಕಣ್ಲಾ ಕೂಸಿಂದು. ರಾತ್ರಿ ಮೂರು ಸಲ ಎದ್ದು ಕುಡೀತು, ನಮ್ಮನ್ನ ಮಲಗಾಕೇ ಬಿಡ್ನಿಲ್ಲ. ಬಾ, ನೀನೇ ನೋಡುವಂತೆ,” ಎಂದು ಮಾತು ಮುಗಿಸುವ ಮೊದಲೇ ಒಳಕ್ಕೆ ತಿರುಗುತ್ತಾರೆ.

ಕೋಣೆ ನೋಡಿ ಹೊರಗೆ ಬರುವಾಗ ಪುಟ್ಟಬಸವಯ್ಯ ನಡುಮನೆಯಲ್ಲಿ ನಿಲ್ಲುತ್ತಾರೆ. ನಿನ್ನೆ ನೆಲ ನೋಡುತ್ತ ಹಾದುಹೋದವರು ಈಗ ತಲೆಯೆತ್ತುತ್ತಾರೆ. ತೊಲೆಗಳು, ರೀಪುಗಳು, ಅವುಗಳ ಮೇಲೆ ಸಾಲುಸಾಲಾಗಿ ಕೂತ ಹೆಂಚು. ಗಾಜಿನ ಹೆಂಚೊಂದರಿಂದ ಬೆಳಗಿನ ಮೊದಲ ಬೆಳಕು ಇಳಿದು ಮಗುವಿಗೆಂದು ತೆಗೆದಿರಿಸಿದ ತೊಟ್ಟಿಲಿನ ಪಕ್ಕದಲ್ಲಿ ಬಿದ್ದಿದೆ.

“ಏನ್ಲಾ ಅಂಗೆ ನೋಡ್ತೀಯ? ಸೋರ್ತದಾ?” ಎಂದು ಚಾಮುಂಡಮ್ಮ ಕೇಳುತ್ತಾರೆ.

“ಇಲ್ಲ ಕನವ್ವ. ಸುಮ್ಕೆ.”

ಜಗಲಿಗೆ ಕಾಫಿ ಬರುತ್ತದೆ, ಗೂಡಿನಲ್ಲಿಟ್ಟಿದ್ದ ಆ ಲೋಟದಲ್ಲೇ. ಪುಟ್ಟಬಸವಯ್ಯ ಊದಿಕೊಂಡು ಕುಡಿಯುತ್ತಾರೆ. ಗೀಟು ಹಾಕಿದ ಹೆಂಚುಗಳು ಇನ್ನೂ ಬದಲಾಗಬೇಕು; ಬಿಸಿಲು ಏರುವ ಮೊದಲು ಮೇಲೆ ಹತ್ತಬೇಕು. ಲೋಟ ತೊಳೆದು ಗೂಡಿನಲ್ಲಿಟ್ಟು, ಏಣಿಗೆ ಹೆಗಲು ಕೊಡುತ್ತ ನಮ್ಮ ಕಡೆ ತಿರುಗಿ ಹೇಳುತ್ತಾರೆ:

“ಮೂವತ್ತು ವರ್ಸದಿಂದ ಈ ಮನೆ ಬೆನ್ನೇ ನೋಡ್ಕಂಡು ಬಂದಿದ್ದೆ ಸಾ. ಇವತ್ತು ಮೊಕ ನೋಡ್ದೆ. ಒಂದು ಎಂಚೂ ಓರೆ ಕುಂತಿಲ್ಲ.”